ಸಕ್ಕರೆ ಹರಳಿನಿಂದ ರೀನಿಯಂ ಪದರದವರೆಗೆ: ಧ್ರುವೀಕೃತ ಬೆಳಕಿನಲ್ಲಿ ತೆಳು ಹರಳುಗಳನ್ನು ಅಳೆಯುವ ಸಮಗ್ರ ಮಾರ್ಗದರ್ಶಿ

ಬೆಳಗಾವಿ ಜಿಲ್ಲೆಯ ಯಾವುದೇ ಸಕ್ಕರೆ ಕಾರ್ಖಾನೆಯ ಲ್ಯಾಬಿಗೆ ಹೋಗಿ ‘ಇವತ್ತು ಪೋಲ್ ಎಷ್ಟು ಬಂತು?’ ಅಂತ ಕೇಳಿ. ತಕ್ಷಣ ಉತ್ತರ ಸಿಗುತ್ತದೆ. ಕಬ್ಬಿನ ರಸ ಸೋಸಿ, ಕೊಳವೆಗೆ ತುಂಬಿ, ಧ್ರುವೀಕೃತ ಬೆಳಕು (ಒಂದೇ ದಿಕ್ಕಿಗೆ ಕಂಪಿಸುವ ಬೆಳಕು) ಎಷ್ಟು ತಿರುಗಿತು ಅಂತ ನೋಡಿ ಸಕ್ಕರೆಯ ಲೆಕ್ಕ ಹಾಕುವುದು ಅಲ್ಲಿ ಹಂಗಾಮಿನುದ್ದಕ್ಕೂ ದಿನದ ಕೆಲಸ. 26 ಗ್ರಾಂ ಶುದ್ಧ ಸಕ್ಕರೆಯನ್ನು 100 ಮಿಲಿಲೀಟರ್ ದ್ರಾವಣ ಮಾಡಿ, 200 ಮಿಲಿಮೀಟರ್ ಕೊಳವೆಯಲ್ಲಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ ಮಾಪನದಲ್ಲಿ 100 ಬರಬೇಕು. ನಮ್ಮ ಕಾಕಾ ಅಂಥ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರು. ನಾನು ಪಿಯುಸಿ ಓದುವಾಗ ಒಮ್ಮೆ ಕೊಳವೆ ಕೈಗೆ ಕೊಟ್ಟು ಹೇಳಿದ್ದರು: “ಮೊದ್ಲ ನೀರಿನ ಕೊಳವಿ ಇಟ್ಟು ಸೊನ್ನಿ ನೋಡ. ಆಮ್ಯಾಲ ರಸ ಹಾಕ.”

ಈ ಮಾರ್ಗದರ್ಶಿಯಲ್ಲಿ ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಅದೇ ಮಾತು. ಆದರೆ ಇಲ್ಲಿ ರಸದ ಬದಲು ಕೆಲವೇ ಪರಮಾಣು ದಪ್ಪದ ಹರಳು, ಕೊಳವೆಯ ಬದಲು ಮೈಕ್ರೋಸ್ಕೋಪು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡುವವರು, ಪಿಎಚ್‌ಡಿಗೆ ಈಗಷ್ಟೇ ಸೇರಿದವರು ಕಣ್ಣ ಮುಂದಿದ್ದಾರೆ ಅಂದುಕೊಂಡು ಬರೆದಿದ್ದೇನೆ.

ಸಮ್ಮಿತಿ ಕಡಿಮೆ ಅಂದರೆ ಏನು?

ಗ್ರಾಫೀನ್, ಮಾಲಿಬ್ಡಿನಂ ಡೈಸಲ್ಫೈಡ್ ನಿಮಗೆ ಗೊತ್ತು. ಇವುಗಳ ಪದರವನ್ನು 120 ಡಿಗ್ರಿ ತಿರುಗಿಸಿದರೆ ಮೊದಲಿನ ಹಾಗೇ ಕಾಣುತ್ತದೆ. ಇಂಥ ಹರಳಿನ ಮೇಲೆ ಬೆಳಕನ್ನು ನೇರವಾಗಿ ಬಿಟ್ಟರೆ, ಬೆಳಕಿನ ಕಂಪನ ಹಾಳೆಯೊಳಗೆ ಯಾವ ದಿಕ್ಕಿಗಿದ್ದರೂ ಹೀರಿಕೆ ಒಂದೇ, ಪ್ರತಿಫಲನವೂ ಒಂದೇ.

ಕಪ್ಪು ರಂಜಕ, ರೀನಿಯಂ ಡೈಸಲ್ಫೈಡ್, ಟಂಗ್‌ಸ್ಟನ್ ಡೈಟೆಲ್ಲುರೈಡ್, ಜರ್ಮೇನಿಯಂ ಸೆಲೆನೈಡ್ ಇವೆಲ್ಲ ಹಾಗಲ್ಲ. ಇಳಕಲ್ಲಿನ ಮಗ್ಗದ ಮುಂದೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಸಿನ ನೂಲು ಬೇರೆ, ಹೊಕ್ಕಿನ ನೂಲು ಬೇರೆ. ಎಳೆದು ನೋಡಿದರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಕಪ್ಪು ರಂಜಕದ ಪದರವೂ ಹಾಗೇ. ಒಂದು ದಿಕ್ಕಿನಲ್ಲಿ ಪರಮಾಣುಗಳು ಅಂಕುಡೊಂಕಾಗಿ ಸಾಗುತ್ತವೆ, ಅಲ್ಲಿ ಜಾಲದ ಅಳತೆ ಸುಮಾರು 3.3 ಆಂಗ್‌ಸ್ಟ್ರಾಮ್. ಅದಕ್ಕೆ ಅಡ್ಡಲಾಗಿ ಕುರ್ಚಿಯ ಕೈಯ ಆಕಾರದ ಮಡಿಕೆ, ಅಳತೆ ಸುಮಾರು 4.4. ಬೆಳಕಿನ ಕಂಪನ ಈ ಮಡಿಕೆಯ ದಿಕ್ಕಿಗಿದ್ದಾಗ ಹೀರಿಕೆ ಜಾಸ್ತಿ, ಅಡ್ಡಕ್ಕಿದ್ದಾಗ ಬಹಳ ಕಡಿಮೆ.

ರೀನಿಯಂ ಡೈಸಲ್ಫೈಡ್ ಇನ್ನೂ ಒಂದು ಹೆಜ್ಜೆ ಮುಂದೆ. ಅದರಲ್ಲಿ ರೀನಿಯಂ ಪರಮಾಣುಗಳು ನಾಲ್ಕು ನಾಲ್ಕಾಗಿ ಗುಂಪುಗೂಡಿ ಸರಪಳಿಯ ಹಾಗೆ ಒಂದೇ ದಿಕ್ಕಿಗೆ ಸಾಗುತ್ತವೆ. ಹರಳಿನ ಮೂರು ಅಕ್ಷಗಳಲ್ಲಿ ಯಾವ ಎರಡರ ನಡುವೆಯೂ ಲಂಬ ಕೋನ ಇಲ್ಲ. ಕನ್ನಡಿ ಸಮ್ಮಿತಿಯೂ ಇಲ್ಲ. ಇದರ ತೊಂದರೆ ಏನು ಅಂತ ಮುಂದೆ ಬರುತ್ತದೆ.

ಹೆಜ್ಜೆ 1: ಮನೆಯಲ್ಲೇ ಕೈ ಪಳಗಿಸಿ

ಲ್ಯಾಬಿಗೆ ಹೋಗುವ ಮೊದಲು ಇದನ್ನು ಮಾಡಿ. ಹತ್ತು ನಿಮಿಷದ ಕೆಲಸ. ನಾನು ಪ್ರತಿ ವರ್ಷ ಹೊಸ ಬ್ಯಾಚಿನ ಕೈಯಲ್ಲಿ ಮಾಡಿಸುತ್ತೇನೆ, ಒಬ್ಬರಾದರೂ ‘ಅಯ್ಯೋ’ ಅನ್ನದೇ ಇರುವುದಿಲ್ಲ.

ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿ ಮಾಡಿ. ಅದರಿಂದ ಬರುವ ಬೆಳಕು ಆಗಲೇ ಧ್ರುವೀಕೃತ. ಒಂದು ಪೋಲರಾಯ್ಡ್ ಹಾಳೆ ಅಥವಾ ಪೋಲರೈಸ್ಡ್ ತಂಪು ಕನ್ನಡಕ ತಗೊಂಡು ಪರದೆಯ ಮುಂದೆ ತಿರುಗಿಸಿ. ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ. ಸಿನಿಮಾ ಮಂದಿರದ ತ್ರೀಡಿ ಕನ್ನಡಕ ಬೇಡ, ಅದರಲ್ಲಿ ಸಾಮಾನ್ಯವಾಗಿ ವರ್ತುಲ ಧ್ರುವೀಕರಣ ಇರುತ್ತದೆ, ಗೊಂದಲವಾಗುತ್ತದೆ.

ಈಗ ಎರಡು ಗಾಜಿನ ಸ್ಲೈಡ್ ತಗೊಳ್ಳಿ. ಒಂದರ ಮೇಲೆ ನಾಲ್ಕು ಕಾಳು ಉಪ್ಪು, ಇನ್ನೊಂದರ ಮೇಲೆ ನಾಲ್ಕು ಕಾಳು ಸಕ್ಕರೆ. ಎರಡಕ್ಕೂ ಒಂದೊಂದು ಹನಿ ಕುಸುಬೆ ಎಣ್ಣೆ ಹಾಕಿ. ಎಣ್ಣೆಯಲ್ಲಿ ಉಪ್ಪು, ಸಕ್ಕರೆ ಕರಗುವುದಿಲ್ಲ, ಕಾಳಿನ ಅಂಚಿನಲ್ಲಿ ಬೆಳಕು ಚದುರುವುದೂ ಕಡಿಮೆಯಾಗುತ್ತದೆ. ಕಪ್ಪಾದ ಪರದೆ ಮತ್ತು ಪೋಲರಾಯ್ಡ್ ನಡುವೆ ಸ್ಲೈಡ್ ಹಿಡಿದು ಭೂತಗನ್ನಡಿಯಲ್ಲಿ ನೋಡಿ.

ಉಪ್ಪು ಕತ್ತಲಲ್ಲಿ ಕತ್ತಲಾಗೇ ಉಳಿಯುತ್ತದೆ, ಹೇಗೆ ತಿರುಗಿಸಿದರೂ. ಸಕ್ಕರೆ ಕಾಳು ಮಾತ್ರ ಫಳಫಳ ಹೊಳೆಯುತ್ತದೆ. ಸ್ಲೈಡನ್ನು ನಿಧಾನ ತಿರುಗಿಸಿದರೆ ಒಂದೊಂದು ಕಾಳೂ 90 ಡಿಗ್ರಿಗೊಮ್ಮೆ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಉಪ್ಪಿನ ಹರಳು ಘನಾಕೃತಿ, ಸಮ್ಮಿತಿ ಜಾಸ್ತಿ. ಸಕ್ಕರೆಯದು ಮೋನೋಕ್ಲಿನಿಕ್, ಸಮ್ಮಿತಿ ಕಡಿಮೆ. ಮುಂದೆ ಲಕ್ಷಗಟ್ಟಲೆ ರೂಪಾಯಿಯ ಉಪಕರಣದಲ್ಲಿ ಮಾಡುವುದೂ ಮೂಲತಃ ಇದನ್ನೇ.

ಒಂದು ಎಚ್ಚರಿಕೆ. ಕಾರ್ಖಾನೆಯ ಪೋಲಾರಿಮೀಟರಿನಲ್ಲಿ ನಡೆಯುವುದು ಬೇರೆ ಸಂಗತಿ. ಅಲ್ಲಿ ಸಕ್ಕರೆ ಕರಗಿದೆ, ಅಣುಗಳು ಹೇಗೆಂದರೆ ಹಾಗೆ ಓಡಾಡುತ್ತಿವೆ. ಅಣುವಿನ ಎಡ-ಬಲ ಗುಣದಿಂದ ಬೆಳಕು ತಿರುಗುತ್ತದೆ. ಕೊಳವೆಯನ್ನು ಅದರ ಅಕ್ಷದ ಸುತ್ತ ಎಷ್ಟು ಉರುಳಿಸಿದರೂ ಅಂಕ ಬದಲಾಗದು. ಹರಳಿನಲ್ಲಿ ಮಾತ್ರ ದಿಕ್ಕೇ ಎಲ್ಲ. ಇವೆರಡನ್ನು ಕಲಸಿಕೊಂಡವರನ್ನು ವೈವಾದಲ್ಲಿ ಬಹಳ ನೋಡಿದ್ದೇನೆ.

ಹೆಜ್ಜೆ 2: ಯಾವ ಹರಳು ತಗೊಳ್ಳಬೇಕು?

ಹೊಸಬರು ಕಪ್ಪು ರಂಜಕದಿಂದ ಶುರು ಮಾಡಬೇಡಿ. ಬ್ರಿಡ್ಜ್‌ಮನ್ 1914ರಲ್ಲೇ ಒತ್ತಡದಲ್ಲಿ ಅದನ್ನು ತಯಾರಿಸಿದ್ದ. ಅದರ ತೆಳು ಪದರಗಳ ಸುದ್ದಿ ಜೋರಾಗಿದ್ದು 2014ರಲ್ಲಿ. ಚೆಂದದ ವಸ್ತು, ಆದರೆ ಗಾಳಿ, ತೇವ, ಬೆಳಕು ಮೂರೂ ಸೇರಿದರೆ ಹಾಳಾಗುತ್ತದೆ. ಜುಲೈ ತಿಂಗಳ ಬೆಳಗಾವಿಯಲ್ಲಿ ಈ ಮೂರರಲ್ಲಿ ತೇವಕ್ಕಂತೂ ಬರ ಇಲ್ಲ. ನಾನು ಮೊದಲ ಸಲ ಸಂಜೆ ಫ್ಲೇಕ್ (ತೆಳು ಚೂರು) ಎತ್ತಿ, ಡಬ್ಬಿ ಮುಚ್ಚಿ, ಬೆಳಿಗ್ಗೆ ಬಂದು ನೋಡಿದರೆ ಮೇಲೆಲ್ಲ ಬೆವರಿನ ಹನಿಯಂಥ ಗುಳ್ಳೆಗಳು. ಸುಮ್ನೆ ಒಂದು ವಾರದ ಕೆಲಸ ಹೋಯಿತು.

ರೀನಿಯಂ ಡೈಸಲ್ಫೈಡ್ ಗಾಳಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ರಾಮನ್ ಗೆರೆಗಳು ಧಾರಾಳ. ಹರಳಿನ ಕಂಪನಗಳಿಂದ ಚದುರಿದ ಲೇಸರ್ ಬೆಳಕಿನ ಬಣ್ಣ ಚೂರು ಬದಲಾಗಿ ಮೂಡುವ ಗೆರೆಗಳಿವು. ಮೂಲ ಕೋಶದಲ್ಲಿ 12 ಪರಮಾಣು, ಹಾಗಾಗಿ 36 ಕಂಪನ ಬಗೆಗಳು, ಅದರಲ್ಲಿ 18 ರಾಮನ್‌ನಲ್ಲಿ ಕಾಣುವಂಥವು. ಅದನ್ನೇ ತಗೊಳ್ಳಿ. ಜೊತೆಗೆ ಒಂದು ಚೂರು ಮಾಲಿಬ್ಡಿನಂ ಡೈಸಲ್ಫೈಡ್ ಕೂಡ ಇರಲಿ. ಅದು ನಮ್ಮ ‘ನೀರಿನ ಕೊಳವೆ’.

ಹೆಜ್ಜೆ 3: ಪದರ ಎತ್ತುವುದು

ಅಂಟು ಟೇಪಿನ ವಿಧಾನ ಎಲ್ಲರಿಗೂ ಗೊತ್ತು, ಬೇಗ ಮುಗಿಸುತ್ತೇನೆ. ಹರಳನ್ನು ಟೇಪಿಗೆ ಒತ್ತಿ, ನಾಲ್ಕೈದು ಸಲ ಮಡಿಸಿ ಬಿಡಿಸಿ, ಆಕ್ಸೈಡ್ ಪದರ ಇರುವ ಸಿಲಿಕಾನ್ ಬಿಲ್ಲೆಗೆ ಒತ್ತಿ ನಿಧಾನ ಎಬ್ಬಿಸಿ. ಆಕ್ಸೈಡ್ ದಪ್ಪ 90 ಅಥವಾ 285 ನ್ಯಾನೊಮೀಟರ್ ಹತ್ತಿರ ಇದ್ದರೆ ತೆಳು ಪದರವೂ ಕಣ್ಣಿಗೆ ಕಾಣುತ್ತದೆ. ಹೀರಿಕೆ ಅಳೆಯುವ ಯೋಚನೆ ಇದ್ದರೆ ಇನ್ನೊಂದಿಷ್ಟು ಫ್ಲೇಕ್‌ಗಳನ್ನು ಪಾರದರ್ಶಕ ಗಾಜಿನ ಮೇಲೂ ಹಾಕಿ. ಸ್ಫಟಿಕ ರೂಪದ ಕ್ವಾರ್ಟ್ಜ್ ಬೇಡ, ಅದಕ್ಕೇ ತನ್ನದೊಂದು ದಿಕ್ಕು ಇದೆ. ಕರಗಿಸಿ ಮಾಡಿದ ಸಿಲಿಕಾ ಇರಲಿ.

ಫ್ಲೇಕ್ 5 ಮೈಕ್ರೋಮೀಟರಿಗಿಂತ ಅಗಲ ಇರಲಿ. ಹಸಿರು ಲೇಸರಿನ ಚುಕ್ಕೆ 0.6 ಎನ್‌ಎ (ಎಷ್ಟು ಅಗಲದ ಕೋನದಿಂದ ಬೆಳಕು ಹಿಡಿಯುತ್ತದೆ ಅನ್ನುವ ಅಂಕ) ಆಬ್ಜೆಕ್ಟಿವಿನಲ್ಲಿ ಸುಮಾರು 1 ಮೈಕ್ರೋಮೀಟರ್ ಬರುತ್ತದೆ. ಅಂಚಿಗೆ ತಾಗಿದರೆ ಅಂಚೇ ಬೆಳಕನ್ನು ಧ್ರುವೀಕರಿಸಿ ನಿಮಗೆ ಸುಳ್ಳು ಹೇಳುತ್ತದೆ.

ರೀನಿಯಂ ಡೈಸಲ್ಫೈಡ್ ಸರಪಳಿಯ ದಿಕ್ಕಿಗೆ ಸೀಳಿಕೊಳ್ಳುವುದು ಹೆಚ್ಚು, ಸೌದೆ ನಾರಿನ ಉದ್ದಕ್ಕೆ ಸೀಳಿದ ಹಾಗೆ. ಉದ್ದ, ನೇರ ಅಂಚು ಕಂಡರೆ ಫೋಟೋ ತೆಗೆದು ಅದರ ಕೋನ ಬರೆದಿಟ್ಟುಕೊಳ್ಳಿ. ಆಮೇಲೆ ಅದೇ ನಿಮ್ಮ ಸಾಕ್ಷಿ.

ಹೆಜ್ಜೆ 4: ಬೆಳಕಿನ ದಾರಿ ಕಟ್ಟುವುದು

ಲೇಸರ್, ಅದರ ಮುಂದೆ ಪೋಲರೈಸರ್, ಬೀಮ್ ಸ್ಪ್ಲಿಟರ್, ಆಬ್ಜೆಕ್ಟಿವ್, ಹರಳು. ವಾಪಸ್ ಬರುವ ದಾರಿಯಲ್ಲಿ ಬೀಮ್ ಸ್ಪ್ಲಿಟರ್ ದಾಟಿದ ಮೇಲೆ ಫಿಲ್ಟರ್, ಅನಲೈಸರ್ (ಎರಡನೇ ಪೋಲರೈಸರ್), ಸ್ಪೆಕ್ಟ್ರೋಮೀಟರ್. ಇಷ್ಟು ಎಲ್ಲ ರಾಮನ್ ಮೈಕ್ರೋಸ್ಕೋಪಿನಲ್ಲೂ ಇರುತ್ತದೆ. ಧ್ರುವೀಕರಣ ತಿರುಗಿಸುವುದು ಎಲ್ಲಿ ಅನ್ನುವುದೇ ಪ್ರಶ್ನೆ.

ಒಂದು ದಾರಿ, ಹರಳನ್ನೇ ತಿರುಗಿಸುವುದು. ಉಪಕರಣದಲ್ಲಿ ಏನೂ ಬದಲಾಗದು, ಹಾಗಾಗಿ ಇದರಷ್ಟು ನಂಬಿಕಸ್ತ ವಿಧಾನ ಬೇರೆ ಇಲ್ಲ. ಆದರೆ ಪ್ರತಿ ಸಲ ಫ್ಲೇಕ್ ಚುಕ್ಕೆಯಿಂದ ಜಾರುತ್ತದೆ, ಮತ್ತೆ ಹುಡುಕಿ ತರಬೇಕು. 36 ಕೋನಕ್ಕೆ 36 ಸಲ ಹುಡುಕುವ ತಾಳ್ಮೆ ಎಷ್ಟು ಜನಕ್ಕಿದೆ?

ಎರಡನೇ ದಾರಿ, ಲೇಸರಿನ ಮುಂದೆ ಹಾಫ್ ವೇವ್ ಪ್ಲೇಟ್ ಇಟ್ಟು ಬೆಳಕಿನ ಕಂಪನದ ದಿಕ್ಕನ್ನು ತಿರುಗಿಸುವುದು. ಸುಲಭ. ಆದರೆ ತಿರುಗಿದ ಬೆಳಕು ಬೀಮ್ ಸ್ಪ್ಲಿಟರಿಗೆ ಬಡಿಯುತ್ತದೆ. ಅದು ಎಲ್ಲ ದಿಕ್ಕಿನ ಕಂಪನವನ್ನೂ ಒಂದೇ ಸಮ ಬಿಡುವುದಿಲ್ಲ. ಸ್ಪೆಕ್ಟ್ರೋಮೀಟರಿನಲ್ಲಿ ಬಣ್ಣ ಬಿಡಿಸುವ ಗ್ರೇಟಿಂಗ್ ಅಂತೂ ತನ್ನ ಗೀರುಗಳಿಗೆ ಅಡ್ಡ ಒಂದು, ಉದ್ದ ಒಂದು ದಕ್ಷತೆ ಇಟ್ಟುಕೊಂಡಿರುತ್ತದೆ.

ಮೂರನೇ ದಾರಿ ನನಗೆ ಬಹಳ ಇಷ್ಟ. ಹಾಫ್ ವೇವ್ ಪ್ಲೇಟನ್ನು ಬೀಮ್ ಸ್ಪ್ಲಿಟರ್ ಮತ್ತು ಆಬ್ಜೆಕ್ಟಿವ್ ನಡುವೆ ಇಡಿ. ಹೋಗುವ ಬೆಳಕೂ ಅದನ್ನೇ ದಾಟುತ್ತದೆ, ಬರುವ ಬೆಳಕೂ ಅದನ್ನೇ ದಾಟುತ್ತದೆ. ಹೋಗುವಾಗ ಸುತ್ತಿದ್ದನ್ನು ಬರುವಾಗ ಬಿಚ್ಚುತ್ತದೆ. ಹರಳಿಗೆ ಬೆಳಕು ತಿರುಗಿದಂತೆ ಕಾಣುತ್ತದೆ. ಬೀಮ್ ಸ್ಪ್ಲಿಟರಿಗೆ, ಅನಲೈಸರಿಗೆ, ಗ್ರೇಟಿಂಗಿಗೆ ಮಾತ್ರ ಯಾವಾಗಲೂ ಅದೇ ದಿಕ್ಕಿನ ಬೆಳಕು. ಹರಳು ಅಲುಗಾಡದೆ ತಿರುಗಿದ ಲೆಕ್ಕ ಆಯಿತು. ಅನಲೈಸರನ್ನು ಪೋಲರೈಸರಿಗೆ ಸಮಾಂತರವಾಗಿಟ್ಟು ಒಂದು ಸುತ್ತು, ಅಡ್ಡವಾಗಿಟ್ಟು ಇನ್ನೊಂದು ಸುತ್ತು ಅಳೆಯಿರಿ.

ಪ್ಲೇಟ್ ಯಾವುದಿರಬೇಕು? ರಾಮನ್ ಮಾತ್ರ ಆದರೆ ಲೇಸರಿನ ಬಣ್ಣಕ್ಕೆ ಹೊಂದುವ ಸಾದಾ ಝೀರೋ ಆರ್ಡರ್ ಪ್ಲೇಟ್ ಸಾಕು. 532 ನ್ಯಾನೊಮೀಟರ್ ಲೇಸರಿಗೆ 212 ತರಂಗಸಂಖ್ಯೆಯ (ಲೇಸರಿನಿಂದ ಗೆರೆ ಎಷ್ಟು ದೂರ ಅನ್ನುವ ಅಳತೆ, ಪ್ರತಿ ಸೆಂಟಿಮೀಟರಿಗೆ) ಗೆರೆ ಸುಮಾರು 538 ನ್ಯಾನೊಮೀಟರಿನಲ್ಲಿ ಬರುತ್ತದೆ. ಆರು ನ್ಯಾನೊಮೀಟರ್ ವ್ಯತ್ಯಾಸಕ್ಕೆ ಪ್ಲೇಟ್ ಮುನಿಸಿಕೊಳ್ಳುವುದಿಲ್ಲ. ಆದರೆ ಅದೇ ಪ್ಲೇಟಿನಲ್ಲಿ 800 ನ್ಯಾನೊಮೀಟರ್ ಹತ್ತಿರ ಹರಳು ತಾನೇ ಸೂಸುವ ಹೊಳಪು ಅಳೆಯಲು ಹೋಗಬೇಡಿ. ಅಲ್ಲಿ ಅದು ಹಾಫ್ ವೇವ್ ಪ್ಲೇಟೇ ಅಲ್ಲ. ಅಕ್ರೋಮ್ಯಾಟಿಕ್, ಅಂದರೆ ಹಲವು ಬಣ್ಣಕ್ಕೂ ಹೊಂದುವ ಪ್ಲೇಟ್ ಬೇಕು.

ಆಬ್ಜೆಕ್ಟಿವ್ ವಿಷಯದಲ್ಲಿ ದುರಾಸೆ ಬೇಡ. 100 ಪಟ್ಟು, 0.9 ಎನ್‌ಎ ಅಂದರೆ ಸಣ್ಣ ಚುಕ್ಕೆ, ಜಾಸ್ತಿ ಬೆಳಕು ನಿಜ. ಆದರೆ ಬದಿಯಿಂದ ಓರೆಯಾಗಿ ಬರುವ ಕಿರಣಗಳಲ್ಲಿ ಧ್ರುವೀಕರಣ ಕಲಸಿಹೋಗುತ್ತದೆ. 50 ಪಟ್ಟು, 0.5 ಅಥವಾ 0.6 ಎನ್‌ಎ ನನ್ನ ಆಯ್ಕೆ.

ಹೆಜ್ಜೆ 5: ಸೊನ್ನೆ ನೋಡುವುದು

ಇಲ್ಲಿ ನಿಧಾನ ಮಾಡಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ನನ್ನ ಕಥೆ ಹೇಳುತ್ತೇನೆ. ಬೇರೆ ಊರಿನ ಒಂದು ಲ್ಯಾಬಿನಲ್ಲಿ ಎರಡು ದಿನ ಸಮಯ ಸಿಕ್ಕಿತ್ತು. ಮಾಲಿಬ್ಡಿನಂ ಡೈಸಲ್ಫೈಡ್ ಫ್ಲೇಕಿನ ಮೇಲೆ ಸುಮ್ಮನೆ ಒಂದು ಸುತ್ತು ಅಳೆದೆ. ಕೋನಕ್ಕೆ ತಕ್ಕಂತೆ ತೀವ್ರತೆಯನ್ನು ಸುತ್ತಲೂ ಗುರುತಿಸಿದರೆ ಗುಂಡಗೆ ಬರಬೇಕಾದ ನಕ್ಷೆ ಕಡಲೆಕಾಯಿ ಆಕಾರಕ್ಕೆ ಬಂತು. ಫ್ಲೇಕ್ ಎಲ್ಲೋ ಎಳೆದುಕೊಂಡಿದೆ, ಅದರಿಂದ ದಿಕ್ಕು ಹುಟ್ಟಿದೆ, ಹೊಸ ಸಂಗತಿ ಸಿಕ್ಕಿತು ಅಂತ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಬಿಲ್ಲೆಯನ್ನು 45 ಡಿಗ್ರಿ ತಿರುಗಿಸಿಟ್ಟು ಮತ್ತೆ ಅಳೆದೆ. ಕಡಲೆಕಾಯಿ ತಿರುಗಲಿಲ್ಲ. ಅದೇ ದಿಕ್ಕಿಗೆ ಮಲಗಿತ್ತು. ಅದು ಹರಳಿನ ಆಕಾರ ಅಲ್ಲ, ಗ್ರೇಟಿಂಗಿನ ಆಕಾರ, ಎರಡನೇ ದಾರಿಯಲ್ಲಿ ಹೇಳಿದ ತೊಂದರೆಯೇ.

ಇದೇ ಮೊದಲ ಪರೀಕ್ಷೆ. ಹರಳನ್ನು ತಿರುಗಿಸಿದರೆ ನಕ್ಷೆಯೂ ಅಷ್ಟೇ ತಿರುಗಬೇಕು. ತಿರುಗದಿದ್ದರೆ ನೀವು ಯಂತ್ರವನ್ನು ಅಳೆಯುತ್ತಿದ್ದೀರಿ.

ಎರಡನೆಯದು, ಮಾಲಿಬ್ಡಿನಂ ಡೈಸಲ್ಫೈಡ್ ಪರೀಕ್ಷೆ. ಸುಮಾರು 405 ತರಂಗಸಂಖ್ಯೆಯ ಹತ್ತಿರ ಒಂದು ಗೆರೆ ಇದೆ, ಗಂಧಕದ ಪರಮಾಣುಗಳು ಮೇಲೆ-ಕೆಳಗೆ ಆಡುವ ಕಂಪನ. ಸಮಾಂತರ ಜೋಡಣೆಯಲ್ಲಿ ಅದು ಎಲ್ಲ ಕೋನದಲ್ಲೂ ಒಂದೇ ಎತ್ತರ ಇರಬೇಕು. ಅಡ್ಡ ಜೋಡಣೆಯಲ್ಲಿ ಹೆಚ್ಚುಕಡಿಮೆ ಮಾಯವಾಗಬೇಕು. ಎಷ್ಟು ಉಳಿಯಿತೋ ಅಷ್ಟು ನಿಮ್ಮ ಜೋಡಣೆಯ ಸೋರಿಕೆ. 383ರ ಹತ್ತಿರದ ಇನ್ನೊಂದು ಗೆರೆ ಎರಡೂ ಜೋಡಣೆಯಲ್ಲಿ ಸಮನಾಗಿ ಗುಂಡಗಿರಬೇಕು.

ಮೂರನೆಯದು ಸಿಲಿಕಾನ್. ಅದಂತೂ ಫ್ಲೇಕಿನ ಕೆಳಗೇ ಇದೆ. ಇಲ್ಲಿ ಬಹಳ ಜನ ಜಾರುತ್ತಾರೆ. ಸಿಲಿಕಾನ್ ಘನಾಕೃತಿ, ಹಾಗಾಗಿ ಅದರ 520ರ ಗೆರೆ ಎಲ್ಲ ಕೋನಕ್ಕೂ ಒಂದೇ ಅಂದುಕೊಂಡು ಎಲ್ಲ ಅಂಕಗಳನ್ನೂ ಅದರಿಂದ ಭಾಗಿಸಿಬಿಡುತ್ತಾರೆ. ತಪ್ಪು. ಪ್ರತಿಫಲನದಲ್ಲಿ ಸಿಲಿಕಾನ್ ಸಮ, ನಿಜ. ಆದರೆ ಆ ರಾಮನ್ ಗೆರೆ ಅನಲೈಸರ್ ಹಾಕಿದ ಕೂಡಲೇ ನಾಲ್ಕು ಎಸಳಿನ ಹೂವಾಗುತ್ತದೆ. 100 ಅನ್ನುವ ಹರಳು ಮುಖದ ಬಿಲ್ಲೆಯಲ್ಲಿ ಸಮಾಂತರ ಜೋಡಣೆಯಲ್ಲಿ ಅದು ಇಮ್ಮಡಿ ಕೋನದ ಸೈನ್ ವರ್ಗದ ಹಾಗೆ ಏರಿಳಿಯುತ್ತದೆ, ಅಡ್ಡ ಜೋಡಣೆಯಲ್ಲಿ ಇಮ್ಮಡಿ ಕೋನದ ಕೊಸೈನ್ ವರ್ಗದ ಹಾಗೆ. ಎರಡನ್ನೂ ಕೂಡಿಸಿದರೆ ಮಾತ್ರ ಸಮ. ಇದನ್ನು ಭಾಗಿಸಲು ಬಳಸಬೇಡಿ, ಪರೀಕ್ಷಿಸಲು ಬಳಸಿ. ನಾಲ್ಕು ಎಸಳೂ ಒಂದೇ ಗಾತ್ರ ಇವೆಯಾ? ಇದ್ದರೆ ಜೋಡಣೆ ಸರಿ. ಎರಡು ದೊಡ್ಡದು, ಎರಡು ಚಿಕ್ಕದು ಬಂದರೆ ಎಲ್ಲೋ ಓರೆ ಇದೆ. ಬಿಲ್ಲೆಯ ಅಂಚು ಸಾಮಾನ್ಯವಾಗಿ 110 ಅನ್ನುವ ಹರಳು ದಿಕ್ಕಿಗೆ ಇರುತ್ತದೆ, ಸಮಾಂತರ ಜೋಡಣೆಯಲ್ಲಿ ಬೆಳಕಿನ ಕಂಪನ ಆ ಅಂಚಿನ ಉದ್ದಕ್ಕಿದ್ದಾಗ ಎಸಳಿನ ತುದಿ ಬರಬೇಕು. ಇದರಿಂದ ನಿಮ್ಮ ಸೊನ್ನೆ ಕೋನವೂ ಸಿಕ್ಕಿತು.

ಹೆಜ್ಜೆ 6: ಕತ್ತಲ ಕೋನ ಹುಡುಕುವುದು

ರಾಮನ್ ಶುರು ಮಾಡುವ ಮೊದಲು ಬಿಳಿ ಬೆಳಕಿನಲ್ಲಿ, ಪೋಲರೈಸರ್ ಅನಲೈಸರ್ ಎರಡನ್ನೂ ಅಡ್ಡವಾಗಿಟ್ಟು ಫ್ಲೇಕ್ ನೋಡಿ. ಸಕ್ಕರೆ ಕಾಳಿನ ಆಟವೇ, ಈ ಸಲ ಪ್ರತಿಫಲನದಲ್ಲಿ. ತಳದ ಸಿಲಿಕಾನ್ ಕಪ್ಪು. ಫ್ಲೇಕ್ ಮಾತ್ರ ಹೊಳೆಯುತ್ತದೆ, ಒಂದು ಸುತ್ತಿನಲ್ಲಿ ನಾಲ್ಕು ಸಲ ಆರುತ್ತದೆ. ಕಪ್ಪು ರಂಜಕದಲ್ಲಿ ಆ ಆರುವ ಕೋನಗಳೇ ಹರಳಿನ ಅಕ್ಷಗಳು. ಎರಡರಲ್ಲಿ ಯಾವುದು ಯಾವುದು ಅಂತ ಮಾತ್ರ ಇದರಿಂದ ಗೊತ್ತಾಗುವುದಿಲ್ಲ.

ರೀನಿಯಂ ಡೈಸಲ್ಫೈಡ್‌ನಲ್ಲಿ ಅಷ್ಟೂ ಹೇಳಲಾಗದು. ಸಮ್ಮಿತಿ ಪೂರ್ತಿ ಇಳಿದುಹೋಗಿರುವುದರಿಂದ ಬೆಳಕಿನ ಅಕ್ಷ ಹರಳಿನ ಅಕ್ಷಕ್ಕೆ ಕಟ್ಟುಬಿದ್ದಿಲ್ಲ. ಬಣ್ಣ ಬದಲಾದರೆ ಆ ಅಕ್ಷವೂ ಕದಲಬಹುದು. ಕೆಂಪು ಫಿಲ್ಟರ್ ಹಾಕಿ ಒಮ್ಮೆ, ಹಸಿರು ಹಾಕಿ ಒಮ್ಮೆ ನೋಡಿ ಎರಡನ್ನೂ ಬರೆದುಕೊಳ್ಳಿ.

ದೊಡ್ಡ ರಾಮನ್ ಉಪಕರಣ ಇಲ್ಲದ ಕಾಲೇಜಿನವರು ರಾಮನ್ ಭಾಗ ಬಿಟ್ಟು ಇಲ್ಲಿಯವರೆಗಿನ ಉಳಿದ ಕೆಲಸವನ್ನು, ಮುಂದಿನ ಎಂಟನೇ ಹೆಜ್ಜೆಯನ್ನು ತಮ್ಮಲ್ಲೇ ಮಾಡಬಹುದು. ಪ್ರತಿಫಲನದ ಧ್ರುವೀಕರಣ ಮೈಕ್ರೋಸ್ಕೋಪು ಮತ್ತು ಫೈಬರಿನ ಸಣ್ಣ ಸ್ಪೆಕ್ಟ್ರೋಮೀಟರ್ ಸಾಕು. ರಾಮನ್‌ಗೆ ಐ-ಸ್ಟೆಮ್ ಪೋರ್ಟಲಿನಲ್ಲಿ ಹತ್ತಿರದ ಉಪಕರಣ ಹುಡುಕಿ ಸಮಯ ಕಾದಿರಿಸಿಕೊಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹೊರಗಿನವರಿಗೂ ನ್ಯಾನೊ ಸೌಲಭ್ಯ ಕೊಡುವ ಕಾರ್ಯಕ್ರಮ ಇದೆ. ಹೋಗುವಾಗ ಫ್ಲೇಕಿನ ಜಾಗ, ಫೋಟೋ, ಕತ್ತಲ ಕೋನ ಎಲ್ಲ ಕೈಯಲ್ಲಿರಲಿ. ಅಲ್ಲಿ ಹೋಗಿ ಫ್ಲೇಕ್ ಹುಡುಕುತ್ತ ಕೂತರೆ ಅರ್ಧ ದಿನ ಹೋಯಿತು.

ಹೆಜ್ಜೆ 7: ರಾಮನ್ ಸುತ್ತು

ಲೇಸರನ್ನು ಅರ್ಧ ಗಂಟೆ ಮೊದಲೇ ಹಚ್ಚಿ. ನಡುವೆ ಕರೆಂಟ್ ಹೋಗಿ ಬಂದರೆ ಆ ಸುತ್ತನ್ನು ಬಿಟ್ಟು ಹೊಸದಾಗಿ ಶುರು ಮಾಡಿ, ಅರ್ಧದಿಂದ ಮುಂದುವರಿಸಬೇಡಿ. ನಮ್ಮ ಕಡೆ ಇನ್ನೊಂದು ಕಾಟ ಇದೆ. ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು, ಜೋರಾಗಿ ಹಾಡು ಹಚ್ಚಿಕೊಂಡು ಕಬ್ಬಿನ ಟ್ರ್ಯಾಕ್ಟರ್ ಹೋಗುತ್ತವಲ್ಲ, ರಸ್ತೆ ಪಕ್ಕದ ಲ್ಯಾಬಾದರೆ ಫೋಕಸ್ ಅಲುಗಾಡುತ್ತದೆ. ನಾವು ರಾತ್ರಿ ಹತ್ತರ ಮೇಲೆ ಅಳೆಯುತ್ತೇವೆ.

ಹರಳಿನ ಮೇಲೆ ಬೀಳುವ ಶಕ್ತಿ ಕಡಿಮೆ ಇರಲಿ, ನಾನು 0.1ರಿಂದ 0.2 ಮಿಲಿವ್ಯಾಟ್ ದಾಟುವುದಿಲ್ಲ. ಶಕ್ತಿ ಅರ್ಧ ಮಾಡಿ ನೋಡಿ. ಗೆರೆಯ ಜಾಗ ಕದಲಿದರೆ ಮೊದಲು ಬಿಸಿಯಾಗುತ್ತಿತ್ತು ಅಂತ ಅರ್ಥ. ದಿಕ್ಕಿಗೆ ತಕ್ಕಂತೆ ಹೀರಿಕೆ ಬದಲಾಗುವ ಹರಳಿನಲ್ಲಿ ಬಿಸಿಯೂ ದಿಕ್ಕಿಗೆ ತಕ್ಕಂತೆ ಬದಲಾಗುತ್ತದೆ, ಅದು ನಿಮ್ಮ ನಕ್ಷೆಯೊಳಗೆ ನುಸುಳುತ್ತದೆ.

ಬೆಳಕು 10 ಡಿಗ್ರಿ ತಿರುಗಬೇಕಾದರೆ ಪ್ಲೇಟ್ 5 ಡಿಗ್ರಿ ತಿರುಗಬೇಕು. ಈ ಸಣ್ಣ ಲೆಕ್ಕ ಎಷ್ಟು ಜನರನ್ನು ಕೆಡವಿದೆಯೋ. ಹೋದ ವರ್ಷ ಒಬ್ಬ ಹುಡುಗಿ ಓಡಿ ಬಂದಳು: “ಸರ, ಎರಡ ಎಸಳ ಬರ್ಬೇಕಾಗಿತ್ತು, ನಾಕ್ ಬಂದಾವ್ರಿ!” ನಕ್ಷೆ ನೋಡಿದೆ. ಅಡ್ಡಗೆರೆಯ ಮೇಲೆ ಬರೆದಿದ್ದು ಪ್ಲೇಟಿನ ಕೋನ. ಎರಡರಿಂದ ಗುಣಿಸು ಅಂದೆ. ಅಲ್ಲೇ ನಿಂತು ಗುಣಿಸಿದಳು, ನಾಲ್ಕು ಎಸಳು ಬಿಚ್ಚಿಕೊಂಡು ಎರಡಾದವು.

ಕೊನೆಗೆ ಮತ್ತೆ ಸೊನ್ನೆ ಕೋನಕ್ಕೆ ಬಂದು ಒಮ್ಮೆ ಅಳೆಯಿರಿ. ಮೊದಲ ಅಂಕವೇ ಬಂದರೆ ಫೋಕಸ್ ಜಾರಿಲ್ಲ, ಹರಳು ಸುಟ್ಟಿಲ್ಲ. ಗೆರೆಯ ಎತ್ತರ ಅಲ್ಲ, ಲೊರೆಂಟ್ಜಿಯನ್ (ಗೆರೆಯ ಆಕಾರದ ಸೂತ್ರ) ಹೊಂದಿಸಿ ವಿಸ್ತೀರ್ಣ ತಗೊಳ್ಳಿ. ರೀನಿಯಂ ಡೈಸಲ್ಫೈಡ್‌ನಲ್ಲಿ 151, 161, 212ರ ಗೆರೆಗಳು ಸ್ಪಷ್ಟ, ಅವುಗಳಿಂದ ಶುರು ಮಾಡಿ. ಕಪ್ಪು ರಂಜಕದಲ್ಲಿ ಸುಮಾರು 362, 439, 467 ಹೀಗೆ ಮೂರೇ ಗೆರೆ.

ಹೆಜ್ಜೆ 8: ಪ್ರತಿಫಲನದ ಸುತ್ತು

ಇದು ರಾಮನ್‌ಗಿಂತ ಸರಳ. ಪ್ರತಿ ಕೋನದಲ್ಲೂ ಫ್ಲೇಕಿನ ಮೇಲೆ ಒಮ್ಮೆ, ಪಕ್ಕದ ಖಾಲಿ ತಳದ ಮೇಲೆ ಒಮ್ಮೆ ರೋಹಿತ ತಗೊಳ್ಳಿ. ಎರಡರ ವ್ಯತ್ಯಾಸವನ್ನು ತಳದ ಅಂಕದಿಂದ ಭಾಗಿಸಿ. ಗ್ರೇಟಿಂಗಿನ ಓರೆ ಎರಡರಲ್ಲೂ ಅಷ್ಟೇ ಇರುವುದರಿಂದ ಭಾಗಿಸಿದಾಗ ಅಳಿಸಿಹೋಗುತ್ತದೆ. ಖಾಲಿ ತಳವನ್ನು ಒಂದೇ ಕೋನದಲ್ಲಿ ಅಳೆದು ಎಲ್ಲಕ್ಕೂ ಅದನ್ನೇ ಬಳಸಿದರೆ ಈ ಲಾಭ ಹೋಯಿತು.

ತೆಳು ಪದರದ ಹೀರಿಕೆಯಲ್ಲಿ ಎರಡೇ ಎಸಳು ಬರಲು ಸಾಧ್ಯ. ಒಂದು ಅಕ್ಷದ ಹೀರಿಕೆ ಗುಣಿಸು ಕೊಸೈನ್ ವರ್ಗ, ಕೂಡಿಸು ಇನ್ನೊಂದು ಅಕ್ಷದ ಹೀರಿಕೆ ಗುಣಿಸು ಸೈನ್ ವರ್ಗ, ಅಷ್ಟೇ. ಇಲ್ಲಿ ನಾಲ್ಕು ಎಸಳು ಕಂಡರೆ ಸಂಭ್ರಮಪಡದೆ ಜೋಡಣೆ ನೋಡಿ. ರೀನಿಯಂ ಡೈಸಲ್ಫೈಡ್‌ನಲ್ಲಿ 800 ನ್ಯಾನೊಮೀಟರ್ ಆಸುಪಾಸಿನಲ್ಲಿ ಎಕ್ಸಿಟಾನ್ (ಎಲೆಕ್ಟ್ರಾನು ಮತ್ತು ಅದು ಬಿಟ್ಟ ಖಾಲಿ ಜಾಗದ ಜೋಡಿ) ಗುರುತುಗಳು ಸಿಗುತ್ತವೆ, ಅಕ್ಕಪಕ್ಕದ ಎರಡಕ್ಕೆ ಬೇರೆ ಬೇರೆ ಒಲವಿನ ದಿಕ್ಕು. ಆಕ್ಸೈಡ್ ಮೇಲಿನ ಫ್ಲೇಕಿನಲ್ಲಿ ಬೆಳಕಿನ ವ್ಯತಿಕರಣದಿಂದ ಗುರುತು ತಲೆಕೆಳಗಾಗಬಹುದು. ಗಾಜಿನ ಮೇಲೆ ಹಾಕಿಟ್ಟ ಫ್ಲೇಕ್ ಈಗ ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 9: ಎಸಳುಗಳನ್ನು ಓದುವುದು

ರಾಮನ್ ನಕ್ಷೆಗೆ ಟೆನ್ಸರ್, ಅಂದರೆ ಯಾವ ದಿಕ್ಕಿಗೆ ಗೆರೆ ಎಷ್ಟು ಬಲ ಅಂತ ಹೇಳುವ ಅಂಕಗಳ ಪಟ್ಟಿ, ಹೊಂದಿಸಬೇಕು. ಕಪ್ಪು ರಂಜಕದ 362 ಮತ್ತು 467ರ ಗೆರೆಗೆ ಎರಡು ಅಂಕ ಸಾಕು, ಒಂದು ಅಕ್ಷಕ್ಕೆ ‘ಕ’, ಇನ್ನೊಂದಕ್ಕೆ ‘ಗ’. ಸಮಾಂತರ ಜೋಡಣೆಯಲ್ಲಿ ತೀವ್ರತೆ ಅಂದರೆ, ಕ ಗುಣಿಸು ಕೊಸೈನ್ ವರ್ಗ, ಕೂಡಿಸು ಗ ಗುಣಿಸು ಸೈನ್ ವರ್ಗ, ಒಟ್ಟು ಮೊತ್ತದ ಪರಿಮಾಣದ ವರ್ಗ.

ಆದರೆ ಹರಳು ಬೆಳಕನ್ನು ಹೀರುತ್ತಿದ್ದರೆ ಕ, ಗ ಎರಡೂ ಸಂಕೀರ್ಣ ಸಂಖ್ಯೆಗಳು. ಅವುಗಳ ನಡುವೆ ಒಂದು ಹಂತದ ಕೋನ ಇರುತ್ತದೆ. ಒಂದು ಲೆಕ್ಕ ಮಾಡೋಣ. ಕ 1, ಗ 0.5 ಇರಲಿ. 0 ಡಿಗ್ರಿಯಲ್ಲಿ ತೀವ್ರತೆ 1, 90ರಲ್ಲಿ 0.25. ಈಗ 45 ಡಿಗ್ರಿಯಲ್ಲಿ ಎಷ್ಟು? ಹಂತದ ಕೋನ ಸೊನ್ನೆಯಾದರೆ 0.5625. ಹಂತದ ಕೋನ 90 ಆದರೆ 0.3125. ಅದೇ 180 ಆದರೆ 0.0625 ಮಾತ್ರ, 90 ಡಿಗ್ರಿಯ ಅಂಕಕ್ಕಿಂತಲೂ ಕಡಿಮೆ! ಅಂದರೆ ಎರಡು ದೊಡ್ಡ ಎಸಳಿನ ನಡುವೆ ಎರಡು ಪುಟ್ಟ ಎಸಳು ಹುಟ್ಟುತ್ತವೆ. ಎರಡು ತುದಿಯ ಅಂಕ ಏನೂ ಬದಲಾಗಿಲ್ಲ, ಸೊಂಟ ಮಾತ್ರ ಸಣ್ಣಗಾಗಿದೆ. ಅದಕ್ಕೇ ಬರೀ 0 ಮತ್ತು 90 ಅಳೆದು ಬಿಡಬಾರದು.

439ರ ಗೆರೆಗೆ ಇಮ್ಮಡಿ ಕೋನದ ಸೈನ್ ವರ್ಗ, ನಾಲ್ಕು ಸಮ ಎಸಳು. ಅದು ಸೊನ್ನೆಯಾಗುವ ಕೋನಗಳೇ ಅಕ್ಷಗಳು. ಅಕ್ಷ ಹುಡುಕಲು ನಾನು ಇದನ್ನೇ ನಂಬುವುದು. 362 ಅಥವಾ 467ರಲ್ಲಿ ಯಾವ ಎಸಳು ದೊಡ್ಡದು ಅನ್ನುವುದು ಫ್ಲೇಕಿನ ದಪ್ಪ, ಲೇಸರಿನ ಬಣ್ಣ ಬದಲಾದರೆ ಬದಲಾಗಬಹುದು.

ರೀನಿಯಂ ಡೈಸಲ್ಫೈಡ್‌ಗೆ ಮೂರು ಅಂಕ ಬೇಕು, ಎರಡು ಅಕ್ಷಕ್ಕೆ ಒಂದೊಂದು, ಎರಡನ್ನೂ ಬೆಸೆಯುವ ಮೂರನೆಯದು. ಅದರಿಂದಾಗಿ ಒಂದೊಂದು ಗೆರೆಯ ಎಸಳೂ ಒಂದೊಂದು ಕಡೆ ವಾಲಿರುತ್ತದೆ. 151ರದ್ದು ಒಂದು ಕಡೆ, 212ರದ್ದು ಇನ್ನೊಂದು ಕಡೆ. ಹೊಸಬರು ಇದನ್ನು ನೋಡಿ ಗಾಬರಿಯಾಗುತ್ತಾರೆ, ಆದರೆ ಸರಿಯಾಗಿ ಬಂದಿರುವ ಲಕ್ಷಣವೇ ಅದು. ಹಸಿರು ಲೇಸರಿನಲ್ಲಿ 212ರ ಗೆರೆ ಸರಪಳಿಯ ದಿಕ್ಕಿಗೆ ಗರಿಷ್ಠ ಅಂತ 2015ರಲ್ಲಿ ತೋರಿಸಿದರು. ಇದೂ ಲೇಸರ್ ಬದಲಾದರೆ, ದಪ್ಪ ಬದಲಾದರೆ ಕದಲುತ್ತದೆ ಅಂತ ಆಮೇಲೆ ಗೊತ್ತಾಯಿತು. ಹಾಗಾಗಿ ಮೂರನೇ ಹೆಜ್ಜೆಯಲ್ಲಿ ತೆಗೆದಿಟ್ಟ ಸೀಳು ಅಂಚಿನ ಫೋಟೋ ಈಗ ಹೊರಗೆ ತೆಗೆದು ನೋಡಿ. ಗರಿಷ್ಠ ಕೋನವೂ ಅಂಚೂ ಹೊಂದಿದರೆ ಧೈರ್ಯವಾಗಿ ಬರೆಯಿರಿ. ಹೊಂದದಿದ್ದರೆ ಎಲೆಕ್ಟ್ರಾನ್ ವಿವರ್ತನೆಗೆ ಕಳಿಸಿ, ಊಹೆ ಮಾಡಬೇಡಿ. ಫ್ಲೇಕಿನ ಮೇಲುಮುಖ ಕೆಳಮುಖ ಕೂಡ ಒಂದೇ ಅಲ್ಲ. ಮಗುಚಿ ಬಿದ್ದ ಫ್ಲೇಕಿನಲ್ಲಿ ನಕ್ಷೆ ಕನ್ನಡಿಯಲ್ಲಿ ಕಂಡಂತೆ ಎದುರು ದಿಕ್ಕಿಗೆ ವಾಲುತ್ತದೆ.

ಹೆಜ್ಜೆ 10: ಬರೆದಿಡುವುದು, ಎತ್ತಿಡುವುದು

ಲೇಸರಿನ ಬಣ್ಣ, ಹರಳಿನ ಮೇಲಿನ ಶಕ್ತಿ, ಎನ್‌ಎ, ಫ್ಲೇಕಿನ ದಪ್ಪ, ಆಕ್ಸೈಡಿನ ದಪ್ಪ, ಮೂರು ದಾರಿಯಲ್ಲಿ ಯಾವ ದಾರಿ, ಸೊನ್ನೆ ಕೋನ ಎಲ್ಲಿಂದ ಎಣಿಸಿದ್ದು, ಇಷ್ಟು ನಕ್ಷೆಯ ಕೆಳಗೇ ಬರೆಯಿರಿ. ಮಾಲಿಬ್ಡಿನಂ ಡೈಸಲ್ಫೈಡ್‌ನ ಗುಂಡು ನಕ್ಷೆಯನ್ನೂ ಪಕ್ಕದಲ್ಲೇ ಹಾಕಿ. ನಾನು ಯಾರದೇ ವರದಿ ಓದುವಾಗ ಮೊದಲು ಹುಡುಕುವುದು ಅದನ್ನೇ.

ಬಿಲ್ಲೆಯನ್ನು ಡಬ್ಬಿಗೆ ಹಾಕುವ ಮೊದಲು ಒಂದು ಮೂಲೆಗೆ ವಜ್ರದ ಲೇಖನಿಯಲ್ಲಿ ಗೀರು ಹಾಕಿ, ಮುಂದಿನ ಸಲ ಯಾವ ಕಡೆ ಮೇಲೆ ಅಂತ ಗೊತ್ತಾಗಲಿ. ಡಬ್ಬಿಯ ಮುಚ್ಚಳದ ಮೇಲೆ ಸರಪಳಿಯ ದಿಕ್ಕಿಗೆ ಪೆನ್ಸಿಲಿನಲ್ಲಿ ಬಾಣ ಬರೆಯಿರಿ. ಪೆನ್ನಾದರೆ ಮಳೆಗಾಲದ ತೇವಕ್ಕೆ ಹರಡಿಕೊಳ್ಳುತ್ತದೆ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ನೀಲಿ ಬಣ್ಣದ ಕಾಳು ಗುಲಾಬಿಯಾದರೆ ಬಿಸಿ ಒಲೆಯಲ್ಲಿ ಒಣಗಿಸಿ ಮತ್ತೆ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಲ್ಯಾಬಿನಲ್ಲಿ ಇದು ವಾರಕ್ಕೊಮ್ಮೆ ಆಗುತ್ತದೆ, ವಿಜಯಪುರದ ಗೆಳೆಯರು ತಿಂಗಳಿಗೊಮ್ಮೆ ನೋಡಿದರೂ ನಡೆಯುತ್ತದೆ.